ಅರ್ಧ ಬೆಲೆಯ ಬಂಡವಾಳ

ಲಂಡನ್ನಿನ ಬೀದಿ ಮೂಲೆಗಳಲ್ಲಿ, ರೈಲು ನಿಲ್ದಾಣಗಳ ಬಾಗಿಲಲ್ಲಿ ಕೆಂಪು ಮೇಲಂಗಿ ತೊಟ್ಟು, ಗುರುತಿನ ಚೀಟಿ ಧರಿಸಿ ಪತ್ರಿಕೆ ಮಾರುವವರು ಕಾಣಸಿಗುತ್ತಾರೆ. ಪತ್ರಿಕೆಯ ಹೆಸರು 'ದಿ ಬಿಗ್ ಇಷ್ಯೂ'. ಮಾರುವವರು ಮನೆಯಿಲ್ಲದವರು, ಇಲ್ಲವೇ ಬಾಡಿಗೆ ಕಟ್ಟಲಾಗದೆ ಬೀದಿಯ ಅಂಚಿಗೆ ಬಂದವರು. ಅವರಿಗೆ ಸಂಬಳವಿಲ್ಲ. ಈಚಿನ ವರ್ಷಗಳ ಲೆಕ್ಕದಂತೆ 4 ಪೌಂಡ್ ಮುಖಬೆಲೆಯ ಸಂಚಿಕೆಯನ್ನು 2 ಪೌಂಡ್ ಕೊಟ್ಟು ಕೊಳ್ಳುತ್ತಾರೆ. ಮಾರಿದರೆ ಮಿಕ್ಕ ಎರಡು ಅವರ ಗಳಿಕೆ. ಮಾರದೆ ಉಳಿದದ್ದನ್ನು ಹಿಂದಿರುಗಿಸುವಂತಿಲ್ಲ. ನಮ್ಮ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯದೂ ಇದೇ ಲೆಕ್ಕ ತಾನೆ? ಎಷ್ಟು ಕಟ್ಟು ಎತ್ತಬೇಕೆಂದು ಬೆಳಿಗ್ಗೆ ಅವಳೇ ಅಂದಾಜು ಹಾಕಬೇಕು. ಸಂಜೆಗೆ ಬಾಡಿದ್ದು ಅವಳ ಪಾಲಿಗೇ.

ಈ ಪತ್ರಿಕೆ ಹುಟ್ಟಿದ್ದು ಹೀಗೆ: 'ಬಾಡಿ ಶಾಪ್' ಕಂಪನಿಯ ಗಾರ್ಡನ್ ರಾಡಿಕ್ ನ್ಯೂಯಾರ್ಕಿನಲ್ಲಿ ಮನೆಯಿಲ್ಲದವರು ಮಾರುತ್ತಿದ್ದ 'ಸ್ಟ್ರೀಟ್ ನ್ಯೂಸ್' ಪತ್ರಿಕೆಯನ್ನು ಕಂಡರು. ಊರಿಗೆ ಮರಳಿ ಹಳೆಯ ಗೆಳೆಯ ಜಾನ್ ಬರ್ಡ್ ಅವರಿಗೆ ವಿಷಯ ಹೇಳಿದರು. ಬರ್ಡ್ ಎಳೆಯ ವಯಸ್ಸಿನಲ್ಲೇ ಸೂರು ಕಳೆದುಕೊಂಡವರು, ಅನಾಥಾಲಯದಲ್ಲೂ ಇದ್ದವರು, ಜೈಲನ್ನೂ ಕಂಡವರು. ಇಬ್ಬರೂ ಸೇರಿ 1991ರ ಸೆಪ್ಟೆಂಬರಿನಲ್ಲಿ ಪತ್ರಿಕೆ ಆರಂಭಿಸಿದರು. 2015ರಲ್ಲಿ ಬರ್ಡ್ ಬ್ರಿಟನ್ನಿನ ಮೇಲ್ಮನೆಯ ಸದಸ್ಯರಾದರು.

ನನಗೆ ತುಂಬ ಹಿಡಿಸುವುದು ಈ ಬ್ರಾಂಡನ್ನು ಕಟ್ಟಿದ ಬಗೆ. ಹೊಸಬರಿಗೆ ಮೊದಲು ಕೆಲವು ಪ್ರತಿ ಉಚಿತ. ಆ ಗಳಿಕೆಯೇ ಮುಂದಿನ ಕಟ್ಟಿನ ಬಂಡವಾಳ. ನಿಂತು ಮಾರಲು ಗೊತ್ತಾದ ಜಾಗವಿದೆ, ನಡವಳಿಕೆಯ ಕಟ್ಟುಪಾಡಿದೆ. ಕೆಂಪು ಅಂಗಿ ದೂರದಿಂದಲೇ ಹೇಳಿಬಿಡುತ್ತದೆ, ಇವರು ವ್ಯಾಪಾರಕ್ಕೆ ನಿಂತಿದ್ದಾರೆಂದು. ಇದಕ್ಕೆಲ್ಲ ಆಧಾರ ಪತ್ರಿಕೆಯ ತಿರುಳು. ವರ್ಷಗಟ್ಟಲೆ ಸಂದರ್ಶನ ಕೊಡದೆ ಇದ್ದ ಗಾಯಕ ಜಾರ್ಜ್ ಮೈಕಲ್ 1996ರಲ್ಲಿ ಮಾತನಾಡಿದ್ದು ಈ ಪತ್ರಿಕೆಯೊಂದಿಗೆ. ಅಂಥ ಸಂಚಿಕೆಯನ್ನು ಜನ ಓದುವ ಆಸೆಯಿಂದಲೇ ಕೊಳ್ಳುತ್ತಾರೆ, ಮಾರುವವರ ದನಿಗೂ ಬಲ ಬರುತ್ತದೆ.

ಆದರೂ ಕೆಲವರು ದುಡ್ಡು ಕೊಟ್ಟು, ಪತ್ರಿಕೆ ನೀವೇ ಇಟ್ಟುಕೊಳ್ಳಿ ಎಂದು ನಡೆದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ನಿಜ. ಆದರೆ ಆ ಗಳಿಗೆಯಲ್ಲಿ ವ್ಯಾಪಾರ ಭಿಕ್ಷೆಯಾಗುತ್ತದೆ. ಕೈಯಿಂದ ಬಂಡವಾಳ ಹಾಕಿದ ಮನುಷ್ಯ ಮತ್ತೆ ಕೈಚಾಚಿದವನಾಗುತ್ತಾನೆ. ಅದಕ್ಕೇ ಪತ್ರಿಕೆಯವರು ಓದುಗರನ್ನು ಕೇಳಿಕೊಳ್ಳುತ್ತಲೇ ಇರುತ್ತಾರೆ: ದಯವಿಟ್ಟು ನಿಮ್ಮ ಪ್ರತಿ ತೆಗೆದುಕೊಳ್ಳಿ.

ಆಸ್ಟ್ರೇಲಿಯಾದಲ್ಲಿ 1996ರಲ್ಲಿ, ಜಪಾನಿನಲ್ಲಿ 2003ರಲ್ಲಿ ಇದೇ ಹೆಸರಿನ ಪತ್ರಿಕೆಗಳು ಹುಟ್ಟಿದವು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಬ್ರಿಟನ್ನಿನ ಬೀದಿಗಳೇ ಬರಿದಾದಾಗ ಮಾರಾಟಗಾರರು ಒಳಗೆ ಉಳಿಯಬೇಕಾಯಿತು. ಪತ್ರಿಕೆ ಸೂಪರ್‌ಮಾರ್ಕೆಟ್‌ಗಳ ಕಪಾಟು ಸೇರಿತು, ಚಂದಾದಾರರ ಮನೆಗೆ ಅಂಚೆಯಲ್ಲಿ ಹೋಯಿತು. ಬೀದಿ ತೆರೆದ ಮೇಲೆ ಹಲವರು ಕಾರ್ಡ್ ಉಜ್ಜುವ ಪುಟ್ಟ ಯಂತ್ರ ಹಿಡಿದು ತಮ್ಮ ತಮ್ಮ ಮೂಲೆಗೆ ಮರಳಿದರು. ಚಿಲ್ಲರೆ ಇಲ್ಲವೆಂದು ಮುಂದೆ ಸಾಗುತ್ತಿದ್ದವರೂ ಈಗ ನಿಂತು ಒಂದು ಪ್ರತಿ ಕೊಳ್ಳಬಹುದು.