ಒಂದು ಆಸನಕ್ಕೆ 25.6 ಲಕ್ಷ ರೂಪಾಯಿ: ವಲೆನ್ಸಿಯಾ ಬಾಸ್ಕೆಟ್‌ನ ಲೆಕ್ಕ

ಸ್ಪೇನಿನ ವಲೆನ್ಸಿಯಾ ನಗರದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದ ‘ರೋಯಿಗ್ ಅರೀನಾ’ ಕ್ರೀಡಾಂಗಣಕ್ಕೆ ತಗುಲಿದ ವೆಚ್ಚ ಸುಮಾರು 40 ಕೋಟಿ ಯೂರೊ. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಅಲ್ಲಿ 15,600 ಮಂದಿ ಕೂರಬಹುದು. ಭಾಗಿಸಿದರೆ ಒಂದು ಆಸನಕ್ಕೆ 25,641 ಯೂರೊ. ಲೆಕ್ಕದ ಅನುಕೂಲಕ್ಕೆ ಯೂರೊಗೆ 100 ರೂಪಾಯಿ ಎಂದು ಹಿಡಿದರೆ ಇದು 25.6 ಲಕ್ಷ ರೂಪಾಯಿ. ಇಡೀ ಕಟ್ಟಡಕ್ಕೆ 4,000 ಕೋಟಿ ರೂಪಾಯಿ. ಹಣ ಸರ್ಕಾರದ್ದಲ್ಲ. ‘ವಲೆನ್ಸಿಯಾ ಬಾಸ್ಕೆಟ್’ ಕ್ಲಬ್‌ನ ಮಾಲೀಕ ಹುವಾನ್ ರೋಯಿಗ್ ಅವರು ಅದನ್ನು ಸ್ವಂತ ಹೂಡಿಕೆಯಾಗಿ ಹಾಕಿದ್ದಾರೆ.

2020ರಲ್ಲಿ ಕಾಮಗಾರಿ ಆರಂಭವಾದಾಗ ಹೇಳಿದ್ದ ಮೊತ್ತ ಸುಮಾರು 22 ಕೋಟಿ ಯೂರೊ. ಮುಗಿಯುವ ಹೊತ್ತಿಗೆ ಅದು 82% ಏರಿತ್ತು. ಕ್ಲಬ್ ಅಲ್ಲಿಯವರೆಗೆ ಆಡುತ್ತಿದ್ದ, 1983ರಲ್ಲಿ ಕಟ್ಟಿದ ‘ಫೊಂತೆತಾ’ ಒಳಾಂಗಣದಲ್ಲಿ ಇದ್ದದ್ದು ಸುಮಾರು 8,500 ಆಸನ. ಹೊಸದರಲ್ಲಿ ಆಸನಗಳು 84% ಹೆಚ್ಚು.

ಆಸನ ಹೆಚ್ಚಿದರೆ ಸಾಲದು, ಪಂದ್ಯವೂ ಹೆಚ್ಚಬೇಕು. ಸ್ಪೇನಿನ ಅಗ್ರ ಲೀಗ್ ಆದ ‘ಎಸಿಬಿ’ಯಲ್ಲಿ 18 ತಂಡಗಳಿವೆ, ಪ್ರತಿ ತಂಡಕ್ಕೆ ಸ್ವಂತ ಅಂಕಣದಲ್ಲಿ 17 ಲೀಗ್ ಪಂದ್ಯ. ಯುರೋಪಿನ ಮಟ್ಟದಲ್ಲಿ ಎರಡು ಮುಖ್ಯ ಟೂರ್ನಿಗಳು: ಮೇಲಿನದು ಯೂರೊಲೀಗ್, ಅದರ ಕೆಳಗಿನದು ಯೂರೊಕಪ್. 2024–25ರಲ್ಲಿ ವಲೆನ್ಸಿಯಾ ಯೂರೊಕಪ್‌ನಲ್ಲಿತ್ತು; ಗುಂಪು ಹಂತದಲ್ಲಿ ತವರಿನಲ್ಲಿ ಸಿಕ್ಕಿದ್ದು 9 ಪಂದ್ಯ. 2025–26ಕ್ಕೆ ಯೂರೊಲೀಗ್ 18ರಿಂದ 20 ತಂಡಗಳಿಗೆ ಹಿಗ್ಗಿತು, ವಲೆನ್ಸಿಯಾ ಒಳಗೆ ಬಂತು, ತವರಿನ ಪಂದ್ಯ 19 ಆಯಿತು. ಎಸಿಬಿಯ 17ನ್ನೂ ಸೇರಿಸಿದರೆ ತವರಿನ ಪಂದ್ಯ 26 ಇದ್ದದ್ದು 36.

ಇದನ್ನು ಆಸನಕ್ಕೆ ಗುಣಿಸಿದಾಗ ಸಿಗುವ ಅಂಕಿಯೇ ಈ ಕ್ಲಬ್‌ನ ಮುಂದಿರುವ ಕೆಲಸದ ಅಳತೆ. ಹಳೆಯ ಲೆಕ್ಕ: 26 ಪಂದ್ಯ, 8,500 ಆಸನ, ಒಟ್ಟು 2,21,000 ಟಿಕೆಟ್. ಹೊಸ ಲೆಕ್ಕ: 36 ಪಂದ್ಯ, 15,600 ಆಸನ, ಒಟ್ಟು 5,61,600 ಟಿಕೆಟ್. ಒಂದೇ ವರ್ಷದಲ್ಲಿ ಮಾರಾಟಕ್ಕಿಟ್ಟ ಸರಕು ಎರಡೂವರೆ ಪಟ್ಟು. ನಗರದ ಜನಸಂಖ್ಯೆ 8 ಲಕ್ಷದ ಆಸುಪಾಸು. ಹಸುಗೂಸಿನಿಂದ ಅಜ್ಜಿಯವರೆಗೆ ಎಲ್ಲರನ್ನೂ ಎಣಿಸಿದರೂ, ಹತ್ತರಲ್ಲಿ ಏಳು ಮಂದಿ ವರ್ಷಕ್ಕೊಮ್ಮೆ ಬಂದರೆ ಮಾತ್ರ ಆಸನಗಳು ತುಂಬುತ್ತವೆ.

ಇನ್ನು ಸವಕಳಿ, ಅಂದರೆ ಕಟ್ಟಡದ ವೆಚ್ಚವನ್ನು ಅದರ ಬಳಕೆಯ ವರ್ಷಗಳಿಗೆ ಹಂಚಿ ಬರೆಯುವ ಲೆಕ್ಕ. ನೆಲ ನಗರಸಭೆಯದು, ಬಳಕೆಯ ಹಕ್ಕು 50 ವರ್ಷಕ್ಕೆ, ಆಮೇಲೆ ಕಟ್ಟಡ ನಗರಕ್ಕೆ ಸೇರುತ್ತದೆ. ಬಡ್ಡಿ, ದುರಸ್ತಿ, ವಿದ್ಯುತ್ ಬಿಲ್ಲು ಎಲ್ಲವನ್ನೂ ಬದಿಗಿಟ್ಟು 40 ಕೋಟಿಯನ್ನು 50ರಿಂದ ಭಾಗಿಸಿದರೆ ವರ್ಷಕ್ಕೆ 80 ಲಕ್ಷ ಯೂರೊ. 36 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ 2.22 ಲಕ್ಷ ಯೂರೊ. ಎಲ್ಲ ಆಸನ ತುಂಬಿದ ದಿನ ತಲೆಗೆ 14.2 ಯೂರೊ, ಅಂದರೆ 1,420 ರೂಪಾಯಿ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿದರೆ 21.4 ಯೂರೊ. ಆಟಗಾರರ ಸಂಬಳದ ಒಂದು ಪೈಸೆಯೂ ಇನ್ನೂ ಇದರಲ್ಲಿ ಸೇರಿಲ್ಲ. ಬರೀ ಬ್ಯಾಸ್ಕೆಟ್‌ಬಾಲ್ ನಂಬಿಕೊಂಡು ಈ ಕಟ್ಟಡ ತನ್ನ ಖರ್ಚು ತಾನು ಹೊರಲಾರದು.

ಬಾಡಿಗೆ ಕಾರ್ಯಕ್ರಮಗಳು ಸೇರಿದರೆ ಚಿತ್ರ ಬೇರೆ. ಸಂಗೀತ ಕಾರ್ಯಕ್ರಮಕ್ಕೆ ಅಂಕಣದ ಮೇಲೂ ಜನ ನಿಲ್ಲಬಹುದಾದ್ದರಿಂದ ಸಾಮರ್ಥ್ಯ 20,000ದವರೆಗೆ ಏರುತ್ತದೆ. ಪಂದ್ಯಗಳಲ್ಲದೆ ವರ್ಷಕ್ಕೆ ಇನ್ನೂ 100 ರಾತ್ರಿ ದೀಪ ಉರಿಯಿತು ಎಂದುಕೊಳ್ಳೋಣ. ಆಗ 80 ಲಕ್ಷ ಯೂರೊ 136 ದಿನಗಳಿಗೆ ಹಂಚಿಹೋಗುತ್ತದೆ. ಬ್ಯಾಸ್ಕೆಟ್‌ಬಾಲ್ ಪ್ರೇಕ್ಷಕನ ತಲೆಗೆ ಬೀಳುವುದು 3.8 ಯೂರೊ. ಉದ್ಘಾಟನೆಯ ದಿನ ನಡೆದದ್ದು ಪಂದ್ಯವಲ್ಲ, ಸಂಗೀತ ಕಾರ್ಯಕ್ರಮ.

ಈ ಕ್ಲಬ್ ಹುಟ್ಟಿದ್ದು ಇಂಥ ಮೊತ್ತಗಳಿಂದ ದೂರದಲ್ಲಿ. 1986ರಲ್ಲಿ ವಲೆನ್ಸಿಯಾ ಫುಟ್‌ಬಾಲ್ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. ಅದೇ ವರ್ಷ ಅದರ ಬ್ಯಾಸ್ಕೆಟ್‌ಬಾಲ್ ವಿಭಾಗವೂ ಮುಚ್ಚಿತು. ಆ ಖಾಲಿ ಜಾಗದಲ್ಲಿ ಸೆಪ್ಟೆಂಬರ್ 27ರಂದು ಹೊಸ ಕ್ಲಬ್ ನೋಂದಣಿಯಾಯಿತು. 2 ವರ್ಷದಲ್ಲಿ ಎಸಿಬಿಗೆ ಏರಿಕೆ, 1995ರಲ್ಲಿ ಇಳಿಕೆ, 1996ರಲ್ಲಿ ಮರಳಿಕೆ. ಮೊದಲ ದೊಡ್ಡ ಪ್ರಶಸ್ತಿಗೆ 12 ವರ್ಷ ಹಿಡಿಯಿತು: 1998ರ ಕಿಂಗ್ಸ್ ಕಪ್ (ಸ್ಪೇನಿನ ನಾಕೌಟ್ ಟೂರ್ನಿ) ಫೈನಲ್‌ನಲ್ಲಿ ಹುವೆಂತುತ್ ತಂಡದ ವಿರುದ್ಧ 89–75.

2009ರವರೆಗೆ ತಂಡದ ಹೆಸರಿನಲ್ಲೇ ‘ಪಾಮೆಸಾ’ ಇತ್ತು. ಅದು ಟೈಲ್ಸ್ ಕಂಪನಿ; ಹುವಾನ್ ಅವರ ಅಣ್ಣ ಫರ್ನಾಂಡೊ ರೋಯಿಗ್ ಅವರದು. ಮುಂದಿನ ಎರಡು ಋತು ಬೇರೊಂದು ಕಂಪನಿಯ ಹೆಸರು. 2011ರಿಂದ ಊರಿನ ಹೆಸರೊಂದೇ. ಅಂಗಿಯ ಎದೆಯ ಮೇಲೆ ಜಾಹೀರಾತಿನ ಜಾಗದಲ್ಲಿ ‘ಶ್ರಮದ ಸಂಸ್ಕೃತಿ’ ಎಂಬರ್ಥದ ಸ್ಪ್ಯಾನಿಷ್ ಘೋಷವಾಕ್ಯ ಬಂತು. ಉಳಿದ ಕ್ಲಬ್‌ಗಳು ಮಾರುವ ಜಾಗ ಅದು. ಮಾರದೆ ಇರುವುದಕ್ಕೂ ಒಂದು ಬೆಲೆಯಿದೆ, ಅದನ್ನು ಮಾಲೀಕರು ತೆರುತ್ತಾರೆ.

ಪ್ರತಿಫಲ ಎಷ್ಟು? 1983–84ರಿಂದ 2024–25ರವರೆಗೆ ಎಸಿಬಿ ಲೀಗ್ 42 ಬಾರಿ ನಡೆದಿದೆ. ಬಾರ್ಸಿಲೋನಾ 17, ರಿಯಲ್ ಮ್ಯಾಡ್ರಿಡ್ 16. ಇಬ್ಬರದೇ 33, ಅಂದರೆ 79%. ಇವೆರಡೂ ಫುಟ್‌ಬಾಲ್ ಕ್ಲಬ್‌ಗಳ ವಿಭಾಗಗಳು. ಬ್ಯಾಸ್ಕೆಟ್‌ಬಾಲ್‌ನ ನಷ್ಟವನ್ನು ಫುಟ್‌ಬಾಲ್‌ನ ಆದಾಯ ತುಂಬುತ್ತದೆ. ಉಳಿದ 9ರಲ್ಲಿ ಬಾಸ್ಕೋನಿಯಾ 4, ಹುವೆಂತುತ್ 2, ಮನ್ರೇಸಾ, ಯುನಿಕಾಹಾ, ವಲೆನ್ಸಿಯಾ ತಲಾ 1. ವಲೆನ್ಸಿಯಾ ಬಾಸ್ಕೆಟ್ ಪುರುಷರ ತಂಡದ ಒಟ್ಟು ಗಳಿಕೆ 2025ರವರೆಗಿನ 39 ವರ್ಷಕ್ಕೆ 8 ಪ್ರಶಸ್ತಿ: ಒಂದು ಲೀಗ್, ಒಂದು ಕಿಂಗ್ಸ್ ಕಪ್, ಎರಡು ಸೂಪರ್ ಕಪ್, ನಾಲ್ಕು ಯೂರೊಕಪ್ (2003, 2010, 2014, 2019). ಯೂರೊಕಪ್‌ನಲ್ಲಿ ನಾಲ್ಕು ಗೆದ್ದವರು ಬೇರೆ ಯಾರೂ ಇಲ್ಲ. ಆದರೆ ಅದು ಎರಡನೇ ಹಂತದ ಟೂರ್ನಿ ಎನ್ನುವುದನ್ನು ಮರೆಯುವಂತಿಲ್ಲ.

ಆ ಒಂದೇ ಲೀಗ್ ಬಂದದ್ದು 2016–17ರಲ್ಲಿ. ಅಂಚು ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಆ ಋತುವಿನ ಮೂರು ಫೈನಲ್ ನೋಡಬೇಕು. ಫೆಬ್ರುವರಿಯ ಕಿಂಗ್ಸ್ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 95–97ರ ಸೋಲು. ಏಪ್ರಿಲ್‌ನ ಯೂರೊಕಪ್ ಫೈನಲ್‌ನ ಮೂರನೇ, ನಿರ್ಣಾಯಕ ಪಂದ್ಯ ಫೊಂತೆತಾದಲ್ಲೇ ಇತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಹತ್ತಕ್ಕೂ ಹೆಚ್ಚು ಅಂಕಗಳ ಮುನ್ನಡೆ ಕೈಬಿಟ್ಟು ಯುನಿಕಾಹಾ ಎದುರು 58–63ರಿಂದ ಸೋತರು. ಎರಡು ಫೈನಲ್ ಹೋದದ್ದು ಒಟ್ಟು 7 ಅಂಕಗಳ ಅಂತರದಲ್ಲಿ. ಜೂನ್‌ನ ಲೀಗ್ ಫೈನಲ್‌ನಲ್ಲಿ ಅದೇ ರಿಯಲ್ ಮ್ಯಾಡ್ರಿಡ್ ವಿರುದ್ಧ 3–1. ತರಬೇತುದಾರ ಪೆದ್ರೊ ಮಾರ್ತಿನೆಸ್, ಫೈನಲ್‌ನ ಶ್ರೇಷ್ಠ ಆಟಗಾರ ಬೋಯಾನ್ ದುಬ್ಲಿಯೆವಿಚ್.

ಅದೇ 2017ರಲ್ಲಿ ಫೊಂತೆತಾದ ಪಕ್ಕ ತರಬೇತಿ ಕೇಂದ್ರ ‘ಲಾಲ್ಕೆರಿಯಾ ದೆಲ್ ಬಾಸ್ಕೆಟ್’ ತೆರೆಯಿತು: 13 ಅಂಕಣ, ಅದರಲ್ಲಿ 9 ಸೂರಿನಡಿ, 4 ಬಯಲಿನಲ್ಲಿ. ವೆಚ್ಚ ಸುಮಾರು 1.8 ಕೋಟಿ ಯೂರೊ, ಅಂಕಣಕ್ಕೆ 13.8 ಲಕ್ಷದಂತೆ. ಅರೀನಾದ ಬೆಲೆಯ 4.5%. ಮಾಲೀಕರ ಹಣ ಕೊಟ್ಟ ಫಲವನ್ನು ತೂಗುವುದಾದರೆ ಈ ಸಣ್ಣ ಮೊತ್ತವೇ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಂದಾಜು; 15,600 ಆಸನ ಆಟಗಾರನನ್ನು ತಯಾರು ಮಾಡುವುದಿಲ್ಲ.

ಮಹಿಳಾ ತಂಡದ ಅಂಕಿ ಪುರುಷರದಕ್ಕಿಂತ ಚೊಕ್ಕ. 2014ರಲ್ಲಿ ಆರಂಭ, 2018ರಲ್ಲಿ ಅಗ್ರ ದರ್ಜೆ, 2021ರಲ್ಲಿ ಮಹಿಳೆಯರ ಯೂರೊಕಪ್ (ಫೈನಲ್‌ನಲ್ಲಿ ವೆನಿಸ್‌ನ ರೇಯರ್ ವಿರುದ್ಧ 82–81), 2023, 2024, 2025ರಲ್ಲಿ ಸತತ ಮೂರು ಲೀಗ್. 11 ವರ್ಷಕ್ಕೆ 3 ಲೀಗ್. ಪುರುಷರಿಗೆ 39 ವರ್ಷಕ್ಕೆ 1.

ಅದೇ ನಗರದಲ್ಲಿ ಅದಕ್ಕೂ ಮೊದಲು ಇನ್ನೊಂದು ಮಹಿಳಾ ತಂಡವಿತ್ತು: ಉಕ್ಕಿನ ವ್ಯಾಪಾರದ ಕುಟುಂಬವೊಂದು ಪೋಷಿಸಿದ ರೋಸ್ ಕಸಾರೆಸ್. 2012ರಲ್ಲಿ ಅದು ಮಹಿಳೆಯರ ಯೂರೊಲೀಗ್ ಗೆದ್ದಿತು, ಫೈನಲ್‌ನಲ್ಲಿ ರಿವಾಸ್ ವಿರುದ್ಧ 65–52. ಅದೇ ವರ್ಷ ವೃತ್ತಿಪರ ತಂಡವನ್ನು ಮುಚ್ಚಲಾಯಿತು. ಯುರೋಪಿನ ಚಾಂಪಿಯನ್ ಪಟ್ಟಕ್ಕೂ ಬೀಗಕ್ಕೂ ನಡುವೆ ಇದ್ದದ್ದು ಕೆಲವೇ ತಿಂಗಳು. ಒಬ್ಬರ ಜೇಬನ್ನು ನಂಬಿದ ಕ್ಲಬ್‌ಗೆ ಇರುವ ಅಪಾಯ ವಲೆನ್ಸಿಯಾದವರಿಗೆ ಹೊಸದಲ್ಲ.

ರೋಯಿಗ್ ಅವರ ಜೇಬು ಎಷ್ಟು ಆಳ? ಅವರು ಅಧ್ಯಕ್ಷರಾಗಿರುವ ‘ಮೆರ್ಕಾದೊನಾ’ ಸ್ಪೇನಿನ ಅತಿ ದೊಡ್ಡ ಸೂಪರ್‌ಮಾರ್ಕೆಟ್ ಜಾಲ, 1,600ಕ್ಕೂ ಹೆಚ್ಚು ಅಂಗಡಿ. 2024ರ ವಹಿವಾಟು 3,883.5 ಕೋಟಿ ಯೂರೊ, ಹಿಂದಿನ ವರ್ಷಕ್ಕಿಂತ 9% ಹೆಚ್ಚು. ನಿವ್ವಳ ಲಾಭ 100.9 ಕೋಟಿಯಿಂದ 138.4 ಕೋಟಿಗೆ, 37% ಏರಿಕೆ. ಅರೀನಾದ ಹಣ ಕಂಪನಿಯ ಖಾತೆಯದಲ್ಲ. ಹೋಲಿಕೆಗಷ್ಟೇ ಹೇಳುವುದಾದರೆ 40 ಕೋಟಿ ಎಂದರೆ ಆ ವರ್ಷದ ಲಾಭದ 29%, ಸುಮಾರು 105 ದಿನದ ಗಳಿಕೆ. ಕಂಪನಿಯ ಷೇರಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಅವರ ಹೆಸರಿನಲ್ಲಿದೆ, ಕಾಲುಭಾಗಕ್ಕೂ ಹೆಚ್ಚು ಅವರ ಪತ್ನಿಯದು. ಅರೀನಾ ತೆರೆದಾಗ ಅವರಿಗೆ 75 ವರ್ಷ. ನೆಲದ ಹಕ್ಕಿನ ಅವಧಿ 50 ವರ್ಷ. ವರ್ಷಕ್ಕೆ 80 ಲಕ್ಷ ಯೂರೊ ಸವಕಳಿಯ ಬಹುಪಾಲನ್ನು ಬರೆಯಬೇಕಾದದ್ದು ಮುಂದಿನ ತಲೆಮಾರಿನ ಲೆಕ್ಕಪುಸ್ತಕದಲ್ಲಿ.