ಡಿಸ್ಕಿಲ್ಲದ ಬೋರ್ಡಿಗೆ ಒಂದು ನಕ್ಷತ್ರ

ಅಂಗೈ ಅಗಲದ ಹಸಿರು ಬೋರ್ಡು. ಅದಕ್ಕೆ ಹಾರ್ಡ್‌ಡಿಸ್ಕ್ ಇಲ್ಲ, ಮೆಮೊರಿ ಕಾರ್ಡೂ ಇಲ್ಲ. ಒಂದು ಕಡೆ ಕರೆಂಟಿನ ವಯರು, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್, ಮಧ್ಯದ ಮೂರು ಪಿನ್ನುಗಳಿಂದ ನನ್ನ ಲ್ಯಾಪ್‌ಟಾಪಿಗೆ ಸೀರಿಯಲ್ ಕೇಬಲ್. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಂಗಳೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಅದರ ಮುಂದೆ ಎರಡು ದಿನ ಕೂತಿದ್ದೆ. ಸ್ವಿಚ್ ಹಾಕಿದರೆ ಲಿನಕ್ಸ್ ಕರ್ನಲ್ ಏಳುತ್ತಿತ್ತು. ಪ್ರೊಸೆಸರ್ ಸಿಕ್ಕಿತು, ಮೆಮೊರಿ ಇಷ್ಟಿದೆ, ಯುಎಸ್‌ಬಿ ತಯಾರಿದೆ ಎಂದು ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ವರದಿ ಒಪ್ಪಿಸುತ್ತಿತ್ತು. ಕೊನೆಗೆ ರೂಟ್ ಫೈಲ್ ಸಿಸ್ಟಂ ಮೌಂಟ್ ಆಗಲಿಲ್ಲ ಎಂದು ಒಂದು ಸಾಲು, ಅದರೊಂದಿಗೇ 'ಕರ್ನಲ್ ಪ್ಯಾನಿಕ್'. ಅಲ್ಲಿಂದ ಮುಂದೆ ಬೋರ್ಡು ಮಾತಾಡುತ್ತಿರಲಿಲ್ಲ.

ಫೈಲುಗಳೆಲ್ಲ ಇದ್ದದ್ದು ಪಕ್ಕದ ಮೇಜಿನ ಸರ್ವರಿನಲ್ಲಿ. ಬೋರ್ಡು ಕೇಬಲ್ ಮೂಲಕ ಅವನ್ನು ತೆಗೆದುಕೊಂಡು, ತನ್ನ ಸ್ವಂತ ಡಿಸ್ಕಿನಲ್ಲೇ ಇವೆ ಎಂಬಂತೆ ಬಳಸಬೇಕಿತ್ತು. ಈ ಏರ್ಪಾಟಿನ ಹೆಸರು ನೆಟ್‌ವರ್ಕ್ ಫೈಲ್ ಸಿಸ್ಟಂ, ಚಿಕ್ಕದಾಗಿ ಎನ್‌ಎಫ್‌ಎಸ್. ಎಂಬೆಡೆಡ್ ಕೆಲಸ ಮಾಡುವವರಿಗೆ ಇದಿಲ್ಲದೆ ದಿನ ಸಾಗುವುದು ಕಷ್ಟ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದಾಗಲೆಲ್ಲ ಕಾರ್ಡು ತೆಗೆದು, ಹೊಸದಾಗಿ ಬರೆದು, ಮತ್ತೆ ಸಿಕ್ಕಿಸಿ ನೋಡುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. ಎನ್‌ಎಫ್‌ಎಸ್ ಇದ್ದರೆ ಸರ್ವರಿನಲ್ಲಿ ಸೇವ್ ಮಾಡಿದ ಫೈಲನ್ನು ಬೋರ್ಡಿನಲ್ಲಿ ಕೂಡಲೇ ಓಡಿಸಿ ನೋಡಬಹುದು.

ಇದು ಕ್ಯಾಲಿಫೋರ್ನಿಯಾದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ 1984ರ ಸುಮಾರಿಗೆ ರೂಪುಗೊಂಡದ್ದು. ರಸೆಲ್ ಸ್ಯಾಂಡ್‌ಬರ್ಗ್ ಮತ್ತು ಸಂಗಡಿಗರು 1985ರಲ್ಲಿ ಇದರ ವಿನ್ಯಾಸವನ್ನು ಪ್ರಬಂಧವಾಗಿ ಮಂಡಿಸಿದರು. ಡಿಸ್ಕು ದುಬಾರಿಯಾಗಿದ್ದ ಕಾಲ ಅದು. ಒಂದು ಸರ್ವರಿನ ಡಿಸ್ಕನ್ನು ಹಲವು ಕಂಪ್ಯೂಟರುಗಳು ಹಂಚಿಕೊಳ್ಳುವುದೆಂದರೆ ದೊಡ್ಡ ಉಳಿತಾಯ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರು ಕರ್ನಲ್ ಒಳಗೆ ಹಾಕಿದ ಒಂದು ಪದರ. ಫೈಲ್ ತೆರೆಯುವ ಪ್ರೋಗ್ರಾಂ ಅದು ಎಲ್ಲಿದೆ ಎಂದು ಕೇಳುವುದಿಲ್ಲ. ಸ್ಥಳೀಯ ಡಿಸ್ಕಿನಲ್ಲಿದೆಯೋ ದೂರದ ಸರ್ವರಿನಲ್ಲಿದೆಯೋ ಎಂಬುದನ್ನು ನೋಡಿಕೊಳ್ಳುವುದು ಆ ಪದರದ ಕೆಲಸ. ಲಿನಕ್ಸಿನಲ್ಲೂ ಅಂಥದೇ ಪದರವಿದೆ. ಅದರ ಕೆಳಗೆ ಕೂರುವ ಎನ್‌ಎಫ್‌ಎಸ್ ಕ್ಲೈಂಟಿನ ಮೂಲ ಕೋಡನ್ನು 1992ರಲ್ಲಿ ಬರೆದವರು ರಿಕ್ ಸ್ಲಾಡ್‌ಕಿ.

ಆದರೆ ಆ ಕ್ಲೈಂಟ್ ಕರ್ನಲ್‌ನಲ್ಲಿ ಇರಬೇಕೋ ಬೇಡವೋ ಎಂದು ಹೇಳಬೇಕಾದವರು ಕರ್ನಲ್ ಕಟ್ಟುವವರು. ಅದಕ್ಕೊಂದು ನೀಲಿ ಪರದೆಯ ಮೆನು ಇದೆ, ಹೆಸರು ಮೆನುಕಾನ್‌ಫಿಗ್. ಫೈಲ್ ಸಿಸ್ಟಂಗಳ ಪುಟಕ್ಕೆ ಹೋಗಿ, ಅದರೊಳಗೆ ನೆಟ್‌ವರ್ಕ್ ಫೈಲ್ ಸಿಸ್ಟಂಗಳ ಪುಟ ತೆರೆದರೆ ಎನ್‌ಎಫ್‌ಎಸ್ ಕ್ಲೈಂಟ್ ಸಿಗುತ್ತದೆ. ಮೂರು ಉತ್ತರಕ್ಕೆ ಅವಕಾಶ. ಎನ್ ಒತ್ತಿದರೆ ಖಾಲಿ ಕಂಸ, ಕ್ಲೈಂಟ್ ಬೇಡ. ವೈ ಒತ್ತಿದರೆ ಕಂಸದೊಳಗೆ ಒಂದು ನಕ್ಷತ್ರ, ಕ್ಲೈಂಟ್ ಕರ್ನಲ್‌ನ ಮೈಯಲ್ಲೇ ಸೇರಿಹೋಗುತ್ತದೆ. ಎಂ ಒತ್ತಿದರೆ ಅದು ಮಾಡ್ಯೂಲ್ ಆಗುತ್ತದೆ: ಬೇರೆ ಫೈಲಾಗಿ ಡಿಸ್ಕಿನಲ್ಲಿದ್ದು, ಬೇಕೆಂದಾಗ ಬಂದು ಸೇರಿಕೊಳ್ಳುತ್ತದೆ.

ನಾನು ಎಂ ಒತ್ತಿದ್ದೆ. ಕರ್ನಲ್ ಹಗುರವಾಗಿರಲಿ ಎಂದು.

ಎರಡನೆಯ ದಿನ ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಹೆಗಲ ಮೇಲಿಂದ ಪರದೆ ನೋಡಿದರು. "ಎಂ ಹಾಕಿದೀಯಲ್ಲೋ, ಆ ಮಾಡ್ಯೂಲ್ ಎಲ್ಲಿಂದ ಬರ್ಬೇಕು?" ಅಂದರು. ಮಾಡ್ಯೂಲ್ ಇದ್ದದ್ದು ಸರ್ವರಿನಲ್ಲಿ. ಸರ್ವರಿನ ಫೈಲು ಓದಲು ಆ ಮಾಡ್ಯೂಲೇ ಬೇಕು. ಬೀರುವಿನ ಕೀಲಿಕೈ ಬೀರುವಿನ ಒಳಗೇ ಇತ್ತು.

ಅವರು ಇನ್ನೂ ಒಂದು ತೋರಿಸಿದರು. ಇವತ್ತಿಗೂ ಹೊಸಬರಿಗೆ ನಾನು ಮೊದಲು ತೋರಿಸುವುದು ಅದನ್ನೇ. 'ರೂಟ್ ಫೈಲ್ ಸಿಸ್ಟಂ ಎನ್‌ಎಫ್‌ಎಸ್ ಮೇಲೆ' ಎಂಬ ಆಯ್ಕೆಯನ್ನು ನಾನು ಆ ಮೆನುವಿನಲ್ಲಿ ಎಷ್ಟು ಹುಡುಕಿದರೂ ಕಂಡಿರಲಿಲ್ಲ. ನಮ್ಮ ಕರ್ನಲ್‌ನಲ್ಲಿ ಅದು ಇಲ್ಲವೇನೋ ಎಂದುಕೊಂಡಿದ್ದೆ. ಅವರು ವೈ ಒತ್ತಿದರು. ಕಂಸದಲ್ಲಿ ನಕ್ಷತ್ರ ಮೂಡಿತು, ಕೆಳಗೆ ಆ ಸಾಲು ತಾನಾಗಿ ಕಾಣಿಸಿಕೊಂಡಿತು. ಕ್ಲೈಂಟ್ ಮಾಡ್ಯೂಲ್ ಆಗಿರುವ ತನಕ ಆ ಆಯ್ಕೆಯನ್ನು ಮೆನು ತೋರಿಸುವುದೇ ಇಲ್ಲ. ಹೀಗೆ ಮರೆಯಾದದ್ದನ್ನು ಹುಡುಕಲು ಓರೆಗೆರೆ ಒತ್ತಿ ಹೆಸರು ಟೈಪ್ ಮಾಡಬೇಕು. ಯಾವುದು ಯಾವುದನ್ನು ಅವಲಂಬಿಸಿದೆ, ಈಗ ಯಾವುದಕ್ಕೆ ಎಂ ಇದೆ, ಯಾವುದಕ್ಕೆ ಎನ್ ಇದೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.

ಮತ್ತೆ ಕಟ್ಟಿ ಓಡಿಸಿದೆ. ಈ ಸಲ ನೆಟ್‌ವರ್ಕ್ ಸಾಧನವೇ ಇಲ್ಲ ಎಂದಿತು. ಬೋರ್ಡಿನ ಈಥರ್ನೆಟ್ ಡ್ರೈವರಿಗೂ ನಾನು ಎಂ ಹಾಕಿದ್ದೆ! ಹಾಗಾಗಿ ಈ ಸರಪಳಿಯನ್ನು ಹಿಂದಿನಿಂದ ಯೋಚಿಸಬೇಕು. ರೂಟ್ ಸಿಗಬೇಕಾದರೆ ಎನ್‌ಎಫ್‌ಎಸ್ ಬೇಕು, ಅದಕ್ಕೆ ಐಪಿ ವಿಳಾಸ ಬೇಕು, ಆ ವಿಳಾಸವನ್ನು ಕರ್ನಲ್ ತಾನೇ ಡಿಎಚ್‌ಸಿಪಿಯಿಂದ ಕೇಳಿ ಪಡೆಯುವ ಸೌಲಭ್ಯ ಬೇಕು, ಅದಕ್ಕೆ ಈಥರ್ನೆಟ್ ಡ್ರೈವರ್ ಬೇಕು. ಇವಿಷ್ಟಕ್ಕೂ ನಕ್ಷತ್ರವೇ ಇರಬೇಕು. ಇದರ ಜೊತೆಗೆ, ರೂಟ್ ಎಲ್ಲಿದೆ ಎಂಬುದನ್ನು ಬೂಟ್ ಸಾಲಿನಲ್ಲಿ ಹೇಳಬೇಕು: ಸರ್ವರಿನ ವಿಳಾಸ, ಡೈರೆಕ್ಟರಿಯ ಹೆಸರು, ಎನ್‌ಎಫ್‌ಎಸ್ ಆವೃತ್ತಿ. ಆವೃತ್ತಿಯನ್ನು ಮರೆಯಬಾರದು. ಹೇಳದೆ ಬಿಟ್ಟರೆ ಕರ್ನಲ್ ಬಹಳ ಕಾಲ ಎರಡನೆಯ ಆವೃತ್ತಿಯನ್ನೇ ಕೇಳುತ್ತಿತ್ತು. ಅದರ ದಾಖಲೆ 1989ರದು, 2 ಜಿಬಿಗಿಂತ ದೊಡ್ಡ ಫೈಲು ಅದಕ್ಕೆ ಹಿಡಿಸುವುದಿಲ್ಲ, ಇಂದಿನ ಸರ್ವರುಗಳು ಅದಕ್ಕೆ ಬಾಗಿಲು ಹಾಕಿವೆ. 1995ರಲ್ಲಿ ಬಂದ ಮೂರನೆಯದು ಬೋರ್ಡುಗಳ ಕೆಲಸಕ್ಕೆ ಧಾರಾಳ ಸಾಕು.

ನಿಮ್ಮ ಲ್ಯಾಪ್‌ಟಾಪಿನ ಉಬುಂಟುವಿನಲ್ಲೋ ಫೆಡೋರಾದಲ್ಲೋ ಇದೇ ಕ್ಲೈಂಟ್ ಮಾಡ್ಯೂಲ್ ಆಗಿಯೇ ಇದ್ದು ತೊಂದರೆಯಿಲ್ಲದೆ ನಡೆಯುತ್ತದೆ. ಅಲ್ಲಿ ರೂಟ್ ಸ್ಥಳೀಯ ಡಿಸ್ಕಿನಲ್ಲಿರುತ್ತದೆ. ಮೇಲಾಗಿ, ಮೊದಲ ಹೊತ್ತಿಗೆ ಬೇಕಾದ ಮಾಡ್ಯೂಲುಗಳನ್ನು ಬುತ್ತಿ ಕಟ್ಟಿದಂತೆ ಕಟ್ಟಿ ಕರ್ನಲ್ ಜೊತೆಗೇ ಮೆಮೊರಿಗೆ ತಂದುಬಿಡುತ್ತಾರೆ. ಒಳ್ಳೆಯ ಏರ್ಪಾಟೇ. ಆದರೂ ಕಂಪ್ಯೂಟರ್ ಓದುವ ಮಕ್ಕಳು ಒಮ್ಮೆಯಾದರೂ ಬುತ್ತಿಯಿಲ್ಲದ ಕರ್ನಲ್ಲನ್ನು ಸ್ವತಃ ಕಟ್ಟಿ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು ಎಂಬುದು ನನ್ನ ಆಸೆ. ಮೆನುಕಾನ್‌ಫಿಗ್‌ನ ಬಹುತೇಕ ಸಾಲುಗಳಿಗೆ ಸಹಾಯದ ಬರಹವಿದೆ. ರೂಟ್ ವಿಷಯಕ್ಕೆಂದೇ ಗೆರೋ ಕೂಲ್‌ಮನ್ 1996ರಲ್ಲಿ ಬರೆದ ಕೈಪಿಡಿ ಕರ್ನಲ್ ಮೂಲದ ಜೊತೆಗೇ ಬರುತ್ತದೆ. ಅದನ್ನು ಮೊದಲೇ ಓದಿದ್ದರೆ ನನಗೆ ಎರಡು ದಿನ ಉಳಿಯುತ್ತಿತ್ತು.

ಕೊನೆಗೂ ಬೋರ್ಡು ಎದ್ದಿತು. ಲಾಗಿನ್ ಕೇಳಿತು. ಅವತ್ತು ರಾತ್ರಿ ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಒಂದು ಪರೀಕ್ಷೆ ಮಾಡಿದೆ. ಬೋರ್ಡಿನಲ್ಲಿ ಒಂದು ದೊಡ್ಡ ಫೈಲು ಕಾಪಿ ಮಾಡಲು ಹಾಕಿ, ನಡುವೆ ಸರ್ವರಿನ ಕೇಬಲ್ ಕಿತ್ತೆ. ಕಾಪಿ ನಿಂತಿತು. ಸ್ವಲ್ಪ ಹೊತ್ತಿಗೆ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎಂಬ ಸಾಲು ಬಂತು. ಮೂರನೆಯ ಆವೃತ್ತಿಯ ತನಕ, ಯಾರು ಯಾವ ಫೈಲು ತೆರೆದಿದ್ದಾರೆ ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುವುದಿಲ್ಲ. ಯಾವ ಫೈಲು, ಎಲ್ಲಿಂದ ಎಷ್ಟು ಎಂಬುದೆಲ್ಲ ಪ್ರತಿ ಕೋರಿಕೆಯಲ್ಲೂ ಇರುತ್ತದೆ. ಆದ್ದರಿಂದ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುತ್ತಾ ಕಾಯಬಹುದು, ಸರ್ವರ್ ಆಫ್ ಆಗಿ ಆನ್ ಆದರೂ ಸರಿ. ಕೆಳಗೆ ಹೋಗಿ ಚಹಾ ಕುಡಿದು ಬಂದು ಕೇಬಲ್ ಸಿಕ್ಕಿಸಿದೆ. ಸರ್ವರ್ ಸರಿಹೋಯಿತು ಎಂಬ ಸಾಲು ಮೂಡಿತು, ಕಾಪಿ ನಿಂತಲ್ಲಿಂದಲೇ ಹೊರಟಿತು. ಮುಗಿದ ಮೇಲೆ ಎರಡೂ ಫೈಲುಗಳ ಚೆಕ್‌ಸಮ್ ತೆಗೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಎರಡೂ ಒಂದೇ ಇದ್ದವು.