ಜಾಲಪುಟದಲ್ಲಿ ಒತ್ತಕ್ಷರದ ಪಾಡು

ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂಬ ನಾಲ್ಕು ಹೆಸರುಗಳ ಮೆನುವೊಂದನ್ನು ನಾವು ಜಾಲಪುಟದಲ್ಲಿ ರಚಿಸಿದೆವೆಂದು ಭಾವಿಸೋಣ. ಗದಗ ಅಚ್ಚುಕಟ್ಟಾಗಿ ಮೂಡುವುದು. ಲಕ್ಷ್ಮೇಶ್ವರದ ಒತ್ತಕ್ಷರಗಳು ಮಾತ್ರ ಅರ್ಧಕ್ಕೇ ಕತ್ತರಿಸಿಹೋಗಬಹುದು. ಇದಕ್ಕೆ ಕಾರಣವೇನು?

ಯುನಿಕೋಡ್ ಪದ್ಧತಿಯಲ್ಲಿ 'ಗದಗ' 3 ಸಂಕೇತಗಳಿಂದಾದುದು. ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. 'ಲಕ್ಷ್ಮೇಶ್ವರ'ಕ್ಕೆ 11 ಸಂಕೇತಗಳು ಬೇಕು. ಕಾಣುವ ಅಕ್ಷರಗಳಾದರೋ 4. ಇದರಲ್ಲಿ ಮಕಾರ ವಕಾರಗಳು ಒತ್ತುಗಳಾಗಿ ಸಾಲಿನ ಕೆಳಕ್ಕಿಳಿಯುತ್ತವೆ. ಹಲವು ಥೀಮುಗಳಲ್ಲಿ ಸಾಲಿನ ಎತ್ತರವನ್ನು ರೋಮನ್ ಲಿಪಿಯ ಅಳತೆಗೆ ನಿಗದಿ ಮಾಡಿರುತ್ತಾರೆ. ಚೌಕಟ್ಟಿನಿಂದ ಹೊರಚಾಚಿದುದನ್ನು ಮರೆಮಾಡುವ ಆಜ್ಞೆಯೂ ಮೆನು, ಸ್ಲೈಡರ್‌ಗಳಲ್ಲಿ ಇರುವುದುಂಟು. ಒತ್ತು ಅಳಿದರೆ 'ಹಳ್ಳಿ'ಯು 'ಹಳಿ'ಯಾಗುವುದು, ಅರ್ಥವೇ ಕೆಡುವುದು!

ದೋಷವನ್ನು ಹುಡುಕುವ ಬಗೆ ಪ್ರಯೋಗಶಾಲೆಯದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸ್ಲೈಡರ್ ಪ್ಲಗಿನ್ನನ್ನು ನಿಲ್ಲಿಸಿದಾಗಲೂ ಮೆನುವಿನ ದೋಷವು ಉಳಿದರೆ, ಕಾರಣವು ಅದರಲ್ಲಿಲ್ಲ. ಬಳಿಕ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟಿನಿಂದ 1.8 ಪಟ್ಟಿಗೆ ಏರಿಸಿ ನೋಡೋಣ. ಆಗಲೂ ಕತ್ತರಿಸಿದರೆ ಚೌಕಟ್ಟಿನ ನಿಶ್ಚಿತ ಎತ್ತರವನ್ನು ಸಡಿಲಿಸಬೇಕು. ಈ ತಿದ್ದುಪಡಿಯನ್ನು ಮೂಲ ಥೀಮಿನಲ್ಲಿ ಬರೆಯದೆ ಚೈಲ್ಡ್ ಥೀಮಿನಲ್ಲಿ ಬರೆಯುವುದು ಲೇಸು; ಇಲ್ಲವಾದರೆ ಮೂಲ ಥೀಮಿನ ಮುಂದಿನ ಪರಿಷ್ಕರಣದಲ್ಲಿ ಅದು ಅಳಿಸಿಹೋಗುವುದು.

ಯಾವ ಥೀಮನ್ನಾದರೂ ಆರಿಸುವ ಮುನ್ನ ಒಂದು ಹೆಸರನ್ನು ಬರೆದು ಪರೀಕ್ಷಿಸಿರಿ. ಆ ಪರೀಕ್ಷೆಗೆ ಗದಗ ಸಾಲದು, ಲಕ್ಷ್ಮೇಶ್ವರವೇ ಬೇಕು.